ರೀಲ್ ತಿರುಗದ ಹಳೆ ಹುಲ್ಲಿನ ಮೆಷಿನ್: ಪಾರ್ಟ್ಸ್ ಹುಡುಕುವ ಮೊದಲು ಚಕ್ರ ಬಿಚ್ಚಿ ನೋಡಿ

ಅಕ್ಕ, ನಮಸ್ಕಾರ. ಕಟಪಾಡಿಯ ಮನೆಯ ಕೊಟ್ಟಿಗೆಯಲ್ಲಿ ಅಜ್ಜನ ಕಾಲದ, ಕೈಯಲ್ಲಿ ದೂಡುವ ಹುಲ್ಲಿನ ಮೆಷಿನ್ ಸಿಕ್ಕಿದೆ, ಚಕ್ರ ತಿರುಗಿದರೂ ರೀಲ್, ಅಂದರೆ ಹುಲ್ಲು ಕತ್ತರಿಸುವ ಬ್ಲೇಡ್‌ಗಳ ಉರುಳೆ, ತಿರುಗುವುದಿಲ್ಲ, ಗುಜರಿಯವರು ಮುನ್ನೂರು ರೂಪಾಯಿ ಹೇಳಿದ್ದಾರೆ, ಪಾರ್ಟ್ಸ್ ಎಲ್ಲಿ ಸಿಗುತ್ತದೆ ಅಂತ ಕೇಳಿದ್ದೀರಿ. ದಯವಿಟ್ಟು ಗುಜರಿಗೆ ಹಾಕಬೇಡಿ. ಫೋಟೋದಲ್ಲಿ ಕ್ವಾಲ್‌ಕಾಸ್ಟ್ ಎಂಬ ಎರಕದ ಅಕ್ಷರ ಕಾಣ್ತದೆ. ಅದು ಇಂಗ್ಲೆಂಡಿನ ಡರ್ಬಿ ಊರಿನ ಕಂಪನಿ. ಎರಕದ ಕೆಲಸವೇ ಅವರ ಮೂಲ ಕಸುಬು. ಫ್ರೇಮ್ ಒಡೆದಿಲ್ಲ, ಚಕ್ರ ಎರಡೂ ಉಂಟು. ನನ್ನ ಲೆಕ್ಕದಲ್ಲಿ ಮುಖ್ಯವಾದದ್ದೆಲ್ಲ ನಿಮ್ಮ ಕೈಯಲ್ಲೇ ಇದೆ.

ಚಕ್ರ ತಿರುಗಿ ರೀಲ್ ತಿರುಗದಿದ್ದರೆ ಎಲ್ಲರೂ ಗೇರ್ ಹೋಗಿದೆ ಅಂದುಕೊಳ್ಳುತ್ತಾರೆ. ಹೆಚ್ಚಿನ ಸಲ ಹೋಗಿರುವುದಿಲ್ಲ. ಚಕ್ರದ ಒಳಬದಿಯಲ್ಲಿ ಸುತ್ತಲೂ ಹಲ್ಲು ಇರುತ್ತದೆ. ಅದಕ್ಕೆ ತಾಗಿ ರೀಲಿನ ಶಾಫ್ಟ್ ತುದಿಯಲ್ಲಿ ಸಣ್ಣ ಗೇರ್. ಆ ಗೇರಿನ ಒಳಗೆ, ಶಾಫ್ಟ್‌ನ ಸೀಳಿನಲ್ಲಿ, ಬೆರಳ ತುದಿಯಷ್ಟು ದೊಡ್ಡ ಒಂದು ಚಪ್ಪಟೆ ಕೀ ಅತ್ತಿತ್ತ ಜಾರುತ್ತಿರಬೇಕು. ಪಾಲ್ (pawl) ಅಂತ ಅದರ ಹೆಸರು, ನೆಟ್‌ನಲ್ಲಿ ಹುಡುಕುವಾಗ ಆ ಹೆಸರು ಬೇಕಾಗುತ್ತದೆ. ಮುಂದೆ ದೂಡಿದಾಗ ಈ ಕೀ ಗೇರನ್ನು ಹಿಡಿದು ರೀಲ್ ತಿರುಗಿಸುತ್ತದೆ. ಹಿಂದಕ್ಕೆ ಎಳೆದಾಗ ಜಾರಿ ಟಿಕ್ ಟಿಕ್ ಸದ್ದು ಮಾಡುತ್ತದೆ. ವರ್ಷಗಟ್ಟಲೆ ಸುಮ್ನೆ ನಿಂತ ಮೆಷಿನ್‌ನಲ್ಲಿ ಹಳೆ ಗ್ರೀಸ್ ಗಟ್ಟಿಯಾಗಿ ಬೆಲ್ಲದ ಪಾಕದ ಹಾಗೆ ಅಂಟಿಕೊಂಡು, ಕೀ ಸೀಳಿನೊಳಗೇ ಸಿಕ್ಕಿಬಿದ್ದಿರುತ್ತದೆ. ನಾನು ಇದುವರೆಗೆ ಬಿಚ್ಚಿದ ನಾಲ್ಕು ಮೆಷಿನ್‌ಗಳಲ್ಲಿ ಮೂರಕ್ಕೆ ಇದೇ ತೊಂದರೆ. ಸೀಮೆಎಣ್ಣೆ ಸಿಕ್ಕಿದರೆ ಅದರಲ್ಲಿ, ಇಲ್ಲದಿದ್ದರೆ ಡೀಸೆಲ್‌ನಲ್ಲಿ ಒಂದು ರಾತ್ರಿ ನೆನೆಸಿ ಹಳೆ ಟೂತ್‌ಬ್ರಷ್‌ನಲ್ಲಿ ಉಜ್ಜಿದರೆ ಆಯ್ತು.

ಆದರೆ ಒಂದು ಮಾತು. ಎಡದ ಗೇರ್, ಕೀ ಒಂದು ಡಬ್ಬಿಯಲ್ಲಿ, ಬಲದ್ದು ಬೇರೆ ಡಬ್ಬಿಯಲ್ಲಿ ಇಡಿ. ಡಬ್ಬಿ ಮೇಲೆ ಬರೆದೇ ಇಡಿ. ಮೊದಲ ಮೆಷಿನ್‌ನಲ್ಲಿ ನಾನು ಇದನ್ನು ಮಾಡಲಿಲ್ಲ. ಜೋಡಿಸಿದ ಮೇಲೆ ಮುಂದೆ ದೂಡಿದರೆ ಬರೀ ಟಿಕ್ ಟಿಕ್, ಹಿಂದಕ್ಕೆ ಎಳೆದರೆ ರೀಲ್ ಉಲ್ಟಾ ತಿರುಗುತ್ತಿತ್ತು. ಕಾರಣ ಗೊತ್ತಾಗಲು ಒಂದು ಇಡೀ ಭಾನುವಾರ ಬೇಕಾಯಿತು.

ಇನ್ನು ಬಿಚ್ಚುವ ವಿಷಯ. ಫ್ರೇಮ್, ಚಕ್ರ ಎಲ್ಲ ಬೀಡು ಕಬ್ಬಿಣ. ಸುತ್ತಿಗೆ ಪೆಟ್ಟು ಬಿದ್ದರೆ ಬಗ್ಗುವುದಿಲ್ಲ, ಒಡೆಯುತ್ತದೆ. ನನ್ನ ಒಂದು ಮೆಷಿನ್‌ನ ಚಕ್ರ ಬರಲಿಲ್ಲ ಅಂತ ವರ್ಕ್‌ಶಾಪ್ ಒಂದಕ್ಕೆ ಕೊಟ್ಟಿದ್ದೆ. ಅವರು ಹೊಡೆದೇ ತೆಗೆದರು, ಫ್ರೇಮ್‌ನಿಂದ ಹೊರಚಾಚಿದ ಕಿವಿಯಂಥ ಭಾಗ ಮುರಿದು ಕೈಗೆ ಬಂತು. ಇವತ್ತಿಗೂ ಆ ಬೇಸರ ಹೋಗಿಲ್ಲ. ಮಾಮೂಲು ರಾಡ್‌ನಲ್ಲಿ ವೆಲ್ಡಿಂಗ್ ಮಾಡಿಸಿದರೆ ಬೀಡು ಪಕ್ಕದಲ್ಲೇ ಮತ್ತೆ ಸೀಳುತ್ತದೆ. ನಿಕಲ್ ರಾಡ್ ಇಟ್ಟುಕೊಂಡವರನ್ನು, ಅಥವಾ ಹಿತ್ತಾಳೆಯಲ್ಲಿ ಬೆಸೆಯುವವರನ್ನು ಹುಡುಕಬೇಕು. ಹಾಗಾಗಿ ಅವಸರ ಬೇಡ. ತುಕ್ಕು ಬಿಡಿಸುವ ಎಣ್ಣೆ ಹಾಕಿ, ಎರಡು ದಿನ ಬಿಡಿ, ಮತ್ತೆ ಹಾಕಿ. ನಟ್ಟು ಬಾರದಿದ್ದರೆ ಹೊರಗೆ ಕಾಣುವ ಥ್ರೆಡ್ ಯಾವ ಕಡೆಗೆ ಏರುತ್ತದೆ ನೋಡಿ, ಎಡ ಥ್ರೆಡ್ ಆಗಿದ್ದರೆ ನೀವು ಬಿಗಿ ಮಾಡುತ್ತಾ ಇರುತ್ತೀರಿ.

ಬೋಲ್ಟ್ ಬದಲಿಸುವುದಾದರೆ ಇನ್ನೂ ಜಾಗ್ರತೆ. ಇಂಗ್ಲೆಂಡಿನ ಹಳೆ ಮೆಷಿನ್‌ಗಳಲ್ಲಿ ಇರುವುದು ಸಾಮಾನ್ಯವಾಗಿ ವಿಟ್‌ವರ್ತ್ ಎಂಬ ಹಳೆ ಬ್ರಿಟಿಷ್ ಇಂಚಿನ ಅಳತೆಯ ಥ್ರೆಡ್. 5/16 ಇಂಚಿನ ಬೋಲ್ಟ್ ಅಂದರೆ 7.94 ಮಿ.ಮೀ. ಈಗಿನ 8 ಎಂಎಂ ಬೋಲ್ಟ್ ನೋಡಲು ಹಾಗೇ ಇರುತ್ತದೆ, ಎರಡು ಸುತ್ತು ಹೋಗುತ್ತದೆ ಕೂಡ. ಆಮೇಲೆ ಬಿಗಿ. ಅಲ್ಲಿ ಪಾನಾ ಹಾಕಿ ತಿರುಗಿಸಿದರೆ ಎರಕದೊಳಗಿನ ಥ್ರೆಡ್ ಹಾಳು. ವಿಟ್‌ವರ್ತ್‌ನಲ್ಲಿ ಇಂಚಿಗೆ 18 ಥ್ರೆಡ್, 8 ಎಂಎಂನಲ್ಲಿ ಸುಮಾರು 20. ಹಳೆ ಬೋಲ್ಟನ್ನೇ ಜೇಬಿನಲ್ಲಿ ಹಾಕಿಕೊಂಡು ಮಂಗಳೂರಿನ ಬಂದರು ಕಡೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ತೋರಿಸಿ, "ಬಿಎಸ್‌ಡಬ್ಲ್ಯು ಕೊಡಿ" ಅನ್ನಿ, ವಿಟ್‌ವರ್ತ್‌ಗೆ ಅಂಗಡಿಯ ಹೆಸರು ಅದು. ಹಳಬರಿಗೆ ಗೊತ್ತಾಗುತ್ತದೆ.

ಉಳಿದ ಪಾರ್ಟ್ಸ್ ಹುಲ್ಲಿನ ಮೆಷಿನ್ ಅಂಗಡಿಯಲ್ಲಿ ಕೇಳಿ ಪ್ರಯೋಜನ ಇಲ್ಲ. ಬೇರಿಂಗ್‌ನ ಗುಂಡುಗಳು ಸವೆದಿದ್ದರೆ ಒಂದನ್ನು ಸೈಕಲ್ ಅಂಗಡಿಗೆ ತೆಗೆದುಕೊಂಡು ಹೋಗಿ. ಕಾಲು ಇಂಚಿನದ್ದಾದರೆ ಸೈಕಲಿನ ಹಿಂದಿನ ಚಕ್ರಕ್ಕೆ ಹಾಕುವ ಗುಂಡೇ ಆಗುತ್ತದೆ. ಹೊಸದು ಹಾಕುವಾಗ ಎಲ್ಲವನ್ನೂ ಒಟ್ಟಿಗೆ ಬದಲಿಸಿ, ಹಳೆಯದು ಹೊಸದು ಬೆರೆಸಬೇಡಿ. ಗುಂಡಿನ ಬದಲು ಬುಷ್ (ಶಾಫ್ಟ್ ಒಳಗೆ ತಿರುಗುವ ಲೋಹದ ಬಳೆ) ಇದ್ದು ಅದು ಆಡುತ್ತಿದ್ದರೆ ಮಲ್ಪೆ ಕಡೆ ಬೋಟಿನ ಕೆಲಸ ಮಾಡುವ ಲೇತ್‌ನವರಲ್ಲಿ ಗನ್‌ಮೆಟಲ್ ಬುಷ್ ಮಾಡಿಸಿ. ಹಿಡಿ ಗೆದ್ದಲು ತಿಂದಿದೆ ಅಂದಿರಿ. ಕಿರಾಲುಬೋಗಿ ಮರದ ತುಂಡು ಸಿಕ್ಕಿದರೆ ನಿಮ್ಮ ಆಚಾರಿಯವರಿಂದಲೇ ಮಾಡಿಸಿ, ಅದಕ್ಕೆ ಗೆದ್ದಲು ಸುಲಭದಲ್ಲಿ ಹತ್ತುವುದಿಲ್ಲ.

ಇನ್ನು ಹರಿತ ಮಾಡುವುದು. ಇಲ್ಲೇ ಜಾಸ್ತಿ ಮೆಷಿನ್ ಹಾಳಾಗುವುದು. ರೀಲನ್ನು ಕತ್ತಿಯ ಹಾಗೆ ಸಾಣೆ ಹಿಡಿಸಬೇಡಿ, ಕೈಯಲ್ಲಿ ಹಿಡಿಯುವ ಗ್ರೈಂಡರ್ ಅಂತೂ ಬೇಡವೇ ಬೇಡ. 1830ರಲ್ಲಿ ಎಡ್ವಿನ್ ಬಡ್ಡಿಂಗ್ ಇದನ್ನು ಮಾಡಿದ್ದು ಬಟ್ಟೆ ಮಿಲ್ಲಿನ ಯಂತ್ರ ನೋಡಿ. ಉಣ್ಣೆ ಬಟ್ಟೆಯ ಮೇಲೆ ಎದ್ದ ನೂಲನ್ನು ಸಮ ಮಾಡಿ ಕತ್ತರಿಸುವ ಯಂತ್ರ ಅದು. ಈ ಮೆಷಿನ್ ಕೂಡ ಕತ್ತರಿಯೇ. ತಿರುಗುವ ಬ್ಲೇಡ್, ಕೆಳಗೆ ಅಲುಗದ ತಳದ ಬ್ಲೇಡ್, ಎರಡರ ನಡುವೆ ಹುಲ್ಲು. ಉದ್ದಕ್ಕೂ ಎರಡೂ ಒಂದೇ ರೀತಿ ತಾಗಿದರೆ ಮಾತ್ರ ಕತ್ತರಿಸುತ್ತದೆ. ಗ್ರೈಂಡರ್‌ನಲ್ಲಿ ಒಂದು ಕಡೆ ಕೂದಲೆಳೆಯಷ್ಟು ಹೆಚ್ಚು ತಿಂದರೂ ಅಲ್ಲಿ ಹುಲ್ಲು ನಿಂತೇ ಇರುತ್ತದೆ.

ಸರಿಯಾದ ಕ್ರಮ ಇದು. ಎರಡೂ ಬದಿಯ ಕೀ ತೆಗೆದಿಡಿ, ಇಲ್ಲದಿದ್ದರೆ ಚಕ್ರವೂ ಜೊತೆಗೆ ತಿರುಗುತ್ತದೆ. ಶಾಫ್ಟ್ ತುದಿಗೆ ಒಂದು ಹಿಡಿಕೆ ಕಟ್ಟಿ. ಗಾಡಿಗಳ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಸಿಗುತ್ತದೆ, ಅದನ್ನು ಬ್ರಷ್‌ನಲ್ಲಿ ಬ್ಲೇಡ್ ಅಂಚಿಗೆ ಹಚ್ಚಿ ರೀಲನ್ನು ಉಲ್ಟಾ ತಿರುಗಿಸಿ. ಮೊದಲು ತರಿ, ಮತ್ತೆ ನಯ. ಶುರುವಿಗೆ ಕರಕರ ಸದ್ದು ಬರುತ್ತದೆ, ನಿಧಾನಕ್ಕೆ ಸರಸರ ಆಗುತ್ತದೆ. ಒರೆಸಿ ನೋಡಿದರೆ ಪ್ರತಿ ಬ್ಲೇಡ್ ಅಂಚಿನಲ್ಲೂ ಬೂದು ಬಣ್ಣದ ಒಂದು ಗೆರೆ ತುದಿಯಿಂದ ತುದಿಗೆ ತುಂಡಾಗದೆ ಬಂದಿರಬೇಕು. ಬಂದ ಮೇಲೆ ಪೇಸ್ಟ್ ಒಂದು ಚೂರೂ ಉಳಿಯದ ಹಾಗೆ ತೊಳೆಯಿರಿ, ಬೇರಿಂಗ್‌ಗೆ ಹೋದರೆ ಅದನ್ನೂ ತಿನ್ನುತ್ತದೆ. ಆಮೇಲೆ ರೀಲ್ ಮತ್ತು ತಳದ ಬ್ಲೇಡ್ ನಡುವಿನ ಅಂತರ ಹೊಂದಿಸುವ ಎರಡೂ ಬದಿಯ ಸ್ಕ್ರೂವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಹೊಂದಿಸಿ, ನ್ಯೂಸ್‌ಪೇಪರ್ ಚೂರನ್ನು ಎಡ, ನಡು, ಬಲ ಮೂರು ಕಡೆ ಹಿಡಿದು ನೋಡಿ. ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಬರಬೇಕು. ಮಡಚಿದರೆ ಸಡಿಲ, ರೀಲ್ ತಿರುಗಲು ಕಷ್ಟವಾದರೆ ಬಿಗಿ. ಕೈ ದೂರ ಇರಲಿ, ಚಕ್ರ ಸ್ವಲ್ಪ ಅಲುಗಿದರೂ ಬ್ಲೇಡ್ ಬೆರಳಿಗೆ ಬರುತ್ತದೆ.

ತಳದ ಬ್ಲೇಡ್ ನಡುವೆ ತೀರಾ ಹೊಂಡ ಬಿದ್ದಿದ್ದರೆ ಪೇಸ್ಟ್‌ನಲ್ಲಿ ಆಗದು. ಮಣಿಪಾಲ, ಮಂಗಳೂರಿನ ಪ್ರಿಂಟಿಂಗ್ ಪ್ರೆಸ್‌ನವರನ್ನು ಕೇಳಿ, ಪೇಪರ್ ಕಟಿಂಗ್ ಬ್ಲೇಡ್ ಎಲ್ಲಿ ಸಾಣೆ ಹಿಡಿಸುತ್ತೀರಿ ಅಂತ. ಉದ್ದದ ಅಲಗನ್ನು ನೇರವಾಗಿ ಹಿಡಿಯುವ ಮೆಷಿನ್ ಅಂಥವರಲ್ಲೇ ಇರುವುದು.

ಮಳೆಗಾಲದಲ್ಲಿ ಇದನ್ನು ಹೊರಗೆ ತೆಗೆಯಬೇಡಿ. ಒದ್ದೆ ಹುಲ್ಲು ರೀಲಿಗೆ ಸುತ್ತಿಕೊಳ್ಳುತ್ತದೆ. ಮೊಣಕಾಲೆತ್ತರ ಬೆಳೆದದ್ದನ್ನು ಇದು ಕತ್ತರಿಸುವುದೂ ಇಲ್ಲ, ಮಲಗಿಸಿ ಮುಂದೆ ಹೋಗುತ್ತದೆ. ಮಳೆ ಬಿಟ್ಟ ಮೇಲೆ ಮೊದಲು ಕತ್ತಿಯಲ್ಲಿ ಸವರಿ, ಆಮೇಲೆ ವಾರಕ್ಕೊಮ್ಮೆ ಇದನ್ನು ದೂಡಿ. ದೂಡುವ ಮೊದಲು ಅಂಗಳ ಒಮ್ಮೆ ಗುಡಿಸಿ. ನಮ್ಮಲ್ಲಿ ಮುರಕಲ್ಲಿನ ಚೂರು, ತೆಂಗಿನ ಗರಿಯ ದಂಟು ಇದ್ದೇ ಇರುತ್ತದೆ. ಒಂದೇ ಒಂದು ಕಲ್ಲು ಸಾಕು, ನೀವು ಎರಡು ದಿನ ತಿರುಗಿಸಿದ ಅಂಚು ಹೋಗುತ್ತದೆ. ಕೆಲಸ ಆದ ಮೇಲೆ ಎಣ್ಣೆ ಬಟ್ಟೆಯಲ್ಲಿ ಒರೆಸಿ ಹಲಗೆ ಮೇಲೆ ಇಡಿ. ನಿಮ್ಮಲ್ಲಿಗೆ ಕಡಲ ಗಾಳಿ ನೇರ ಬರುವುದಲ್ವಾ, ತುಕ್ಕು ಬೇಗ ಹತ್ತುತ್ತದೆ.

ಈಗ ಸದ್ಯಕ್ಕೆ ಒಂದು ಬದಿಯ ಚಕ್ರ ಮಾತ್ರ ತೆಗೆಯಿರಿ. ಒರೆಸುವ ಮೊದಲೇ ಆ ಗೇರ್ ಮತ್ತು ಕೀಯ ಫೋಟೋ ಇಲ್ಲಿ ಹಾಕಿ, ಎಡವೋ ಬಲವೋ ಬರೆದು. ಫ್ರೇಮ್ ಮೇಲೆ ಎರಕದ ನಂಬರ್ ಕಂಡರೆ ಅದನ್ನೂ ಹಾಕಿ. ಗೇರಿನ ಹಲ್ಲು ನಿಜವಾಗಿ ಮುರಿದಿದ್ದರೆ ನನ್ನಲ್ಲಿ ಫ್ರೇಮ್ ಒಡೆದ ಆ ಮೆಷಿನ್ ಇನ್ನೂ ಉಂಟು, ಅಳತೆ ಹೊಂದಿದರೆ ಅದರದ್ದು ನಿಮಗೆ ಕೊಡುತ್ತೇನೆ.