ಸವಾರಿ ಅಂಗಳದ ನೆಲ ಒಂದೇ ಮಳೆಗಾಲಕ್ಕೆ ಕೆಟ್ಟಿದೆ, ಗುತ್ತಿಗೆದಾರರು ಒಪ್ಪುತ್ತಿಲ್ಲ. ಏನು ಮಾಡಲಿ?

ಚಿಕ್ಕಮಗಳೂರಿನ ತೋಟದಲ್ಲಿ ನಿಮ್ಮ ಕುದುರೆಗೆಂದು ಮಾಡಿಸಿದ ಅಂಗಳದಲ್ಲಿ ನೀರು ನಿಂತು, ಮರಳಿನ ಮೇಲೆ ಜಲ್ಲಿ ಎದ್ದಿದೆ. ಕೇಳಿದರೆ ಗುತ್ತಿಗೆದಾರರು 'ಮಳೆ ಜಾಸ್ತಿ' ಎನ್ನುತ್ತಾರೆ. ಮಲೆನಾಡಲ್ಲಿ ಮಳೆ ಬರುತ್ತೆ ಅಂತ ಮೊದಲೇ ಗೊತ್ತಿರಲಿಲ್ವಾ!

ಸದ್ಯ ರಿಪೇರಿ ಮಾಡಿಸಬೇಡಿ, ಸಾಕ್ಷಿ ಹಾಳಾಗುತ್ತದೆ. ಕುದುರೆ ಬಿಡುವುದನ್ನೂ ನಿಲ್ಲಿಸಿ, ಜಲ್ಲಿ ಚುಚ್ಚಿದರೆ ಗೊರಸಿಗೆ ಪೆಟ್ಟು. ಗುತ್ತಿಗೆದಾರರನ್ನೂ ಒಬ್ಬ ಸಿವಿಲ್ ಎಂಜಿನಿಯರ್‌ರನ್ನೂ ಕರೆಸಿ, ಎರಡು ಮೂರು ಕಡೆ ಗುಂಡಿ ತೋಡಿಸಿ. ಪಕ್ಕದಲ್ಲಿ ಟೇಪ್ ಹಿಡಿದು ಫೋಟೋ ತೆಗೆಯಿರಿ. ಮರಳಿಗೂ ಜಲ್ಲಿಗೂ ನಡುವೆ ಬಟ್ಟೆಯಂಥ ಜಿಯೋಟೆಕ್ಸ್‌ಟೈಲ್ ಇರಬೇಕು. ಅದು ಹರಿದಿದ್ದರೆ ಅಥವಾ ಹಾಕಿಯೇ ಇಲ್ಲದಿದ್ದರೆ ಜಲ್ಲಿ ಮೇಲೆ ಬರುತ್ತದೆ. ನೀರು ಹೋಗುವ ಪೈಪು, ಇಳಿಜಾರನ್ನೂ ನೋಡಿಸಿ. ಎಲ್ಲವನ್ನೂ ಕೊಟೇಶನ್‌ನಲ್ಲಿ ಬರೆದದ್ದಕ್ಕೆ ಹೋಲಿಸಿ ವರದಿ ಪಡೆಯಿರಿ.

ಆಮೇಲೆ ಸ್ಪೀಡ್ ಪೋಸ್ಟಲ್ಲಿ ನೋಟಿಸ್ ಕೊಡಿ. ಸುಮ್ನೆ ಫೋನಲ್ಲಿ ಜಗಳ ಆಡಿದರೆ ದಾಖಲೆ ಉಳಿಯುವುದಿಲ್ಲ. ಅರ್ಧ ಖರ್ಚು ಹಾಕಿ ಸರಿಮಾಡಿಕೊಡುತ್ತೇವೆ ಎಂದರೂ ಬರವಣಿಗೆಯಲ್ಲೇ ಇರಲಿ.

ಬಗ್ಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ 2 ವರ್ಷದೊಳಗೆ ದೂರು ಕೊಡಬಹುದು. ಗುತ್ತಿಗೆದಾರರು ಬೇರೆ ಊರಿನವರಾದರೂ ನೀವಿರುವ ಜಿಲ್ಲೆಯಲ್ಲೇ ಕೊಡಬಹುದು. ಆದರೆ ಹೋಂಸ್ಟೇ ಅತಿಥಿಗಳಿಗೆ ದುಡ್ಡಿಗೆ ಸವಾರಿ ಕೊಡುತ್ತಿದ್ದರೆ 'ಇದು ವ್ಯಾಪಾರ, ನೀವು ಗ್ರಾಹಕರಲ್ಲ' ಎಂಬ ತಕರಾರು ಖಂಡಿತ ಬರುತ್ತದೆ. ಹಾಗಿದ್ದರೆ ಮೊದಲೇ ವಕೀಲರನ್ನು ಕಂಡು ಸಿವಿಲ್ ಕೋರ್ಟಿನ ದಾರಿ ಕೇಳಿ.