ಅಂಗೈಯಗಲದ ಕಂಪ್ಯೂಟರ್ ನಮ್ಮ ಮಳೆಗಾಲಕ್ಕೆ ತಾಳುತ್ತಾ?

ಪ್ರಶ್ನೆ: ಸುಂಟಿಕೊಪ್ಪದ ಹತ್ತಿರ ನಮ್ಮದು ನಾಲ್ಕು ಎಕರೆ ರೋಬಸ್ಟಾ ಕಾಫಿ ತೋಟ. ಮಗಳು ಈ ವರ್ಷ ಬಿಸಿಎ ಸೇರಿದ್ದಾಳೆ, ದಿನವೂ ಮನೆಯಿಂದಲೇ ಹೋಗಿಬರುತ್ತಾಳೆ. ಅವಳ ಓದಿಗೂ ತೋಟದ ಲೆಕ್ಕಕ್ಕೂ ಆಗುವಂಥ ಕಂಪ್ಯೂಟರ್ ಬೇಕು. ಎಲ್ಲ ಸೇರಿ 30,000 ರೂಪಾಯಿ ದಾಟುವಂತಿಲ್ಲ. ಅಂಗಡಿಯವರು ಹಳೆಯ ಐ7 ಟವರ್ (ದೊಡ್ಡ ಡಬ್ಬಿಯ ಕಂಪ್ಯೂಟರ್) ತೋರಿಸುತ್ತಾರೆ. ಮಗಳು ಮಿನಿ ಪಿಸಿ ಸಾಕು ಅಂತಾಳೆ. ಅಷ್ಟು ಚಿಕ್ಕ ಡಬ್ಬಿಯಲ್ಲಿ ದಮ್ ಇರುತ್ತಾ ಸರ್?

ಉತ್ತರ: ಮಗಳ ಮಾತು ಕೇಳಿ. ಆದರೆ ಕೊಳ್ಳುವ ಮುಂಚೆ ಆ ಟವರ್‌ನಲ್ಲಿ ಐ7 ಎಂದಾದ ಮೇಲೆ ಯಾವ ಅಂಕಿ ಇದೆ ನೋಡಿ ಬನ್ನಿ. 3770 ಎಂದಿದ್ದರೆ ಅದು 2012ರ ಪ್ರೊಸೆಸರ್. ಈಗಿನ ಅಗ್ಗದ ಮಿನಿ ಪಿಸಿಗಳಲ್ಲಿ ಬರುವ ಇಂಟೆಲ್ ಎನ್100 ದಿನನಿತ್ಯದ ಕೆಲಸದಲ್ಲಿ ಹೆಚ್ಚುಕಮ್ಮಿ ಅದರಷ್ಟೇ ಚುರುಕು. ವ್ಯತ್ಯಾಸ ಇರುವುದು ಕರೆಂಟಿನಲ್ಲಿ: ಹಳೆಯದರ ಲೆಕ್ಕ 77 ವಾಟ್, ಎನ್100ದು 6 ವಾಟ್. ಜೊತೆಗೆ 3770ಗೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೇ ನಿಂತಿದೆ. ಐ7 ಎಂಬ ಹೆಸರಿಗೆ ದುಡ್ಡು ಕೊಡಬೇಡಿ.

ನಮ್ಮ ಕಡೆ ಈ ವಾಟ್ ಲೆಕ್ಕವೇ ದೊಡ್ಡದು. ಜುಲೈ ಗಾಳಿಗೆ ಒಂದು ಸಿಲ್ವರ್ ಓಕ್ ತಂತಿಯ ಮೇಲೆ ಬಿದ್ದರೆ ಕರೆಂಟ್ ಯಾವಾಗ ಬರುತ್ತದೆ ಎಂದು ಯಾರೂ ಹೇಳಲಾರರು. ಸಾಮಾನ್ಯ 600 ವಿಎ ಯುಪಿಎಸ್‌ನಲ್ಲಿ 12 ವೋಲ್ಟ್, 7 ಎಎಚ್‌ನ ಒಂದು ಬ್ಯಾಟರಿ ಇರುತ್ತದೆ. ಮಿನಿ ಪಿಸಿ, ಮಾನಿಟರ್, ರೌಟರ್ ಮೂರೂ ಸೇರಿ 45 ವಾಟ್ ಎಳೆದರೆ, ಬ್ಯಾಟರಿ ಹೊಸದಿದ್ದಾಗ ಮುಕ್ಕಾಲು ಗಂಟೆ ನಡೆಯುತ್ತದೆ. ಬರೆಯುತ್ತಿದ್ದ ಅಸೈನ್‌ಮೆಂಟ್ ಮುಗಿಸಿ ಕಳಿಸಿಬಿಡಬಹುದು. ಹಳೆಯ ಟವರ್ ಆದರೆ ಕಾಲು ಗಂಟೆಗೇ ಕೂಗತೊಡಗುತ್ತದೆ.

ಇನ್ನು ವೇಗ. ಈ ಬಜೆಟ್‌ನಲ್ಲಿ ವೇಗ ಗೊತ್ತಾಗುವುದು ಹಾರ್ಡ್ ಡಿಸ್ಕ್ ಬದಲು ಹಾಕುವ ಚಿಪ್ ಸಂಗ್ರಹ, ಅಂದರೆ ಎಸ್‌ಎಸ್‌ಡಿಯಿಂದ ಮತ್ತು ರ‍್ಯಾಮ್‌ನಿಂದ. ಹಾರ್ಡ್ ಡಿಸ್ಕ್ ಇರುವ ಯಂತ್ರವನ್ನು ಪುಕ್ಕಟೆ ಕೊಟ್ಟರೂ ಎಸ್‌ಎಸ್‌ಡಿ ಹಾಕಿಸದೆ ಬಳಸಬೇಡಿ. ತೋಟದ ಲೆಕ್ಕ, ಬ್ರೌಸರ್, ಪೈಥಾನ್, ಜಾವಾ ಇವಕ್ಕೆಲ್ಲ ಎನ್100 ಮತ್ತು 8 ಜಿಬಿ ನಡೆಯುತ್ತದೆ. ಬಿಸಿಎ ಮಕ್ಕಳು ಮುಂದೆ ಮೊಬೈಲ್ ಆ್ಯಪ್ ಮಾಡುವ ಆಂಡ್ರಾಯ್ಡ್ ಸ್ಟುಡಿಯೋ ಮುಟ್ಟುತ್ತಾರಲ್ಲ, ಅಲ್ಲಿ ಅದು ಏದುಸಿರು ಬಿಡುತ್ತದೆ. ಹಾಗಾಗಿ ನಿಮ್ಮ ಮನೆಗೆ ನಾನು ಹೇಳುವುದು ಬೇರೆ: ಕಂಪನಿ ಆಫೀಸುಗಳಿಂದ ಬರುವ ರಿಫರ್ಬಿಶ್ಡ್ (ಬಳಸಿದ್ದನ್ನು ಸರಿಪಡಿಸಿ ಮಾರುವ) ಚಿಕ್ಕ ಡೆಸ್ಕ್‌ಟಾಪ್. ಥಿಂಕ್‌ಸೆಂಟರ್ ಟೈನಿ, ಆಪ್ಟಿಪ್ಲೆಕ್ಸ್ ಮೈಕ್ರೋ ಈ ಜಾತಿಯವು, ದಪ್ಪ ಪುಸ್ತಕದಷ್ಟೇ ಗಾತ್ರ. ಐ5-8500ಟಿ ಪ್ರೊಸೆಸರ್ ಇರುವುದನ್ನು ಹುಡುಕಿ. ಆರು ಕೋರ್, 35 ವಾಟ್, ವಿಂಡೋಸ್ 11 ನಡೆಯುತ್ತದೆ. 16 ಜಿಬಿ ರ‍್ಯಾಮ್ ಮತ್ತು ಹೊಸ ಎಸ್‌ಎಸ್‌ಡಿ ಹಾಕಿಸಿ, ಅಡಾಪ್ಟರ್ ಅದೇ ಕಂಪನಿಯದ್ದೇ ಎಂದು ನೋಡಿ, ವಾರಂಟಿಯನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಉಳಿದ ಹಣದಲ್ಲಿ ಮೊದಲು ಯುಪಿಎಸ್, ಆಮೇಲೆ ಮಾನಿಟರ್. ಮಾನಿಟರ್ ಸೆಕೆಂಡ್‌ಹ್ಯಾಂಡ್ ಆದರೂ ಪರವಾಗಿಲ್ಲ. ಚಿಕ್ಕದಾದ್ದರಿಂದ ಮುಂದೆ ಗೇಮ್‌ಗೆಂದು ಗ್ರಾಫಿಕ್ಸ್ ಕಾರ್ಡ್ ಹಾಕಲು ಬರುವುದಿಲ್ಲ, ಅದನ್ನು ಮಗಳಿಗೆ ಈಗಲೇ ಹೇಳಿಬಿಡಿ. ಅವಳು ಹಾಸ್ಟೆಲ್ ಸೇರುವ ಸಾಧ್ಯತೆ ಇದ್ದರೆ ಮಾತ್ರ ಲ್ಯಾಪ್‌ಟಾಪ್ ಯೋಚಿಸಿ.

ತಾಳಿಕೆಯ ವಿಷಯ. ಕಳೆದ ಮಳೆಗಾಲದಲ್ಲಿ ಒಂದು ಟವರ್ ರಿಪೇರಿಗೆ ಬಂತು. ಬಾಗಿಲು ಬಿಚ್ಚಿದರೆ ಸ್ಕ್ರೂಗಳೆಲ್ಲ ತುಕ್ಕು, ಫ್ಯಾನಿನ ಧೂಳು ನೆನೆದು ಕೆಸರಾಗಿತ್ತು, ಮೂಲೆಯಲ್ಲಿ ಎರಡು ಹಲ್ಲಿ ಮೊಟ್ಟೆ. ರ‍್ಯಾಮ್ ತೆಗೆದು ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರ್‌ನಿಂದ ಉಜ್ಜಿದ ಮೇಲೆ ಜೀವ ಬಂತು. ಆ ಯಂತ್ರ ಎರಡು ತಿಂಗಳು ಆನ್ ಆಗಿರಲಿಲ್ಲ, ಮಳೆ ಹೊಡೆಯುವ ಪಡುವಣ ಗೋಡೆಗೆ ಒರಗಿಕೊಂಡಿತ್ತು. ಕೆಟ್ಟದ್ದು ಗಾತ್ರದಿಂದಲ್ಲ, ಇಟ್ಟ ಜಾಗದಿಂದ. ಚಿಕ್ಕ ಡಬ್ಬಿಯನ್ನು ಮಾನಿಟರ್ ಬೆನ್ನಿಗೇ ಬಿಗಿಯಬಹುದು, ಬೆವರುವ ಗೋಡೆಯಿಂದ ದೂರ ಉಳಿಯುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗಿಗೆ ಯುಪಿಎಸ್ ನಂಬಬೇಡಿ, ಪ್ಲಗ್ಗನ್ನೂ ನೆಟ್‌ ಕೇಬಲ್ಲನ್ನೂ ಕಿತ್ತಿಡಿ. ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಮಗಳು ಊರಲ್ಲಿಲ್ಲದಿದ್ದರೂ ದಿನಕ್ಕೊಂದು ಗಂಟೆ ನೀವೇ ಆನ್ ಮಾಡಿಡಿ. ಒಳಗಿನ ಬಿಸಿಗೆ ಬೂಷ್ಟು ಹಿಡಿಯುವುದಿಲ್ಲ, ಆ ಹೊತ್ತಿನಲ್ಲಿ ಆಳುಗಳ ವಾರದ ಲೆಕ್ಕವನ್ನೂ ಬರೆದು ಮುಗಿಸಬಹುದು.