ಮೂರು ರಕ್ತನಾಳಗಳಲ್ಲಿ ಬ್ಲಾಕ್: ಸ್ಟೆಂಟ್ ಸಾಕೇ, ಬೈಪಾಸ್ ಬೇಕೇ?

ಪ್ರಶ್ನೆ: ನಮ್ಮ ತಂದೆಯವರಿಗೆ 62 ವರ್ಷ. ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ. ಮೆಟ್ಟಿಲು ಹತ್ತಿದರೆ ಎದೆ ಹಿಡಿದಂತಾಗುತ್ತದೆ ಎಂದು ಆಂಜಿಯೋಗ್ರಾಂ ಮಾಡಿಸಿದಾಗ ಮೂರೂ ರಕ್ತನಾಳಗಳಲ್ಲಿ ಬ್ಲಾಕ್ ಕಂಡುಬಂದಿದೆ. ವೈದ್ಯರು ಬೈಪಾಸ್ ಎನ್ನುತ್ತಾರೆ. ಎದೆ ತೆರೆಸಿಕೊಳ್ಳಲು ತಂದೆಯವರಿಗೆ ಭಯ. ಸ್ಟೆಂಟ್ ಹಾಕಿಸಿದರೆ ಸಾಲದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ತಂದೆಯವರ ಭಯ ಸಹಜವೇ. ಆದರೂ ನೀವು ಕೊಟ್ಟಿರುವ ವಿವರಗಳನ್ನು ನೋಡಿದರೆ ವೈದ್ಯರ ಸಲಹೆಯೇ ಸರಿಯೆಂದು ನನಗನ್ನಿಸುತ್ತದೆ.

ಸ್ಟೆಂಟ್ ತಾನು ಕೂತ ಜಾಗವನ್ನಷ್ಟೇ ತೆರೆದಿಡುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಕೊಬ್ಬು ರಕ್ತನಾಳದ ಉದ್ದಕ್ಕೂ ಅಲ್ಲಲ್ಲಿ ಕಟ್ಟಿಕೊಂಡಿರುವುದರಿಂದ ಇಂದು ಚೆನ್ನಾಗಿರುವ ಪಕ್ಕದ ಭಾಗವೇ ನಾಳೆ ಮುಚ್ಚಿಕೊಳ್ಳಬಹುದು. ಬೈಪಾಸ್‌ನಲ್ಲಿ ಹೊಸ ನಾಳವನ್ನು ಬ್ಲಾಕ್ ದಾಟಿ ಕೆಳಗೆ ಜೋಡಿಸುವುದರಿಂದ, ಮೇಲ್ಭಾಗದಲ್ಲಿ ಮುಂದೆ ಹೊಸ ಅಡಚಣೆ ಬಂದರೂ ಹೃದಯದ ಸ್ನಾಯುವಿಗೆ ರಕ್ತ ತಲುಪುತ್ತಿರುತ್ತದೆ. ಹೃದಯದ ಮುಂಭಾಗದ ಮುಖ್ಯ ನಾಳಕ್ಕೆ ಎದೆಗೂಡಿನ ಒಳಗಿನ ಅಪಧಮನಿಯನ್ನು ಜೋಡಿಸಿದರೆ ಹತ್ತು ವರ್ಷಗಳ ನಂತರವೂ ಹೆಚ್ಚಿನವರಲ್ಲಿ ಅದು ತೆರೆದೇ ಇರುತ್ತದೆ. ಕಾಲಿನಿಂದ ತೆಗೆದ ಸಿರೆಗೆ ಅಷ್ಟು ಬಾಳಿಕೆಯಿಲ್ಲ.

ಸಕ್ಕರೆ ಕಾಯಿಲೆಯಿದ್ದು ಒಂದಕ್ಕಿಂತ ಹೆಚ್ಚು ನಾಳಗಳಲ್ಲಿ ಬ್ಲಾಕ್ ಇದ್ದ 1,900 ಮಂದಿಯ ಮೇಲೆ ನಡೆದು 2012ರಲ್ಲಿ ಪ್ರಕಟವಾದ ‘ಫ್ರೀಡಂ’ ಅಧ್ಯಯನದಲ್ಲಿ, ಐದು ವರ್ಷಗಳೊಳಗೆ ಸಾವು, ಹೃದಯಾಘಾತ ಅಥವಾ ಪಾರ್ಶ್ವವಾಯುವಿಗೆ ತುತ್ತಾದವರು ಸ್ಟೆಂಟ್ ಗುಂಪಿನಲ್ಲಿ ಶೇ 26.6, ಬೈಪಾಸ್ ಗುಂಪಿನಲ್ಲಿ ಶೇ 18.7. ಆದರೆ ಪಾರ್ಶ್ವವಾಯುವೊಂದನ್ನೇ ತೆಗೆದುಕೊಂಡರೆ ಬೈಪಾಸ್ ಆದವರಲ್ಲೇ ಅದು ಹೆಚ್ಚು (ಶೇ 5.2, ಸ್ಟೆಂಟ್‌ನಲ್ಲಿ ಶೇ 2.4). ಇದನ್ನು ತಂದೆಯವರಿಂದ ಮುಚ್ಚಿಡಬೇಡಿ. ಎದೆಮೂಳೆ ಕೂಡಿಕೊಳ್ಳಲು ಎರಡು ತಿಂಗಳು ಬೇಕಾಗಬಹುದು, ಅಷ್ಟು ದಿನ ಭಾರ ಎತ್ತುವಂತಿಲ್ಲ ಎಂಬುದನ್ನೂ ಹೇಳಿ.

ಶ್ವಾಸಕೋಶ ತೀರ ದುರ್ಬಲವಾಗಿದ್ದು ಶಸ್ತ್ರಚಿಕಿತ್ಸೆ ತಾಳಲಾರದವರಿಗೆ, ಒಂದೆರಡು ಕಡೆ ಮಾತ್ರ ಸರಳವಾದ ಬ್ಲಾಕ್ ಇರುವವರಿಗೆ ಸ್ಟೆಂಟ್ ಒಳ್ಳೆಯ ಆಯ್ಕೆ. ಹೃದಯಾಘಾತ ಆಗುತ್ತಿರುವಾಗಲಂತೂ ಮುಚ್ಚಿದ ನಾಳವನ್ನು ಕೂಡಲೇ ತೆರೆಯುವ ಸ್ಟೆಂಟ್ ಜೀವ ಉಳಿಸುತ್ತದೆ. ನಿಮ್ಮ ತಂದೆಯವರ ಸ್ಥಿತಿ ಬೇರೆ. ನೋವು ಶ್ರಮಪಟ್ಟಾಗ ಮಾತ್ರ ಬರುತ್ತಿದ್ದರೆ ವಿಚಾರಿಸಿ ನಿರ್ಧರಿಸಲು ಸಮಯವಿದೆ. ಆಂಜಿಯೋಗ್ರಾಂ ಸಿ.ಡಿ. ಮತ್ತು ಎಕೋ ವರದಿಯನ್ನು ಹೃದ್ರೋಗ ತಜ್ಞರು, ಹೃದಯ ಶಸ್ತ್ರಚಿಕಿತ್ಸಕರು ಇಬ್ಬರೂ ಒಟ್ಟಿಗೆ ನೋಡುವಂತೆ ಕೇಳಿಕೊಳ್ಳಿ. ಬ್ಲಾಕ್‌ಗಳು ಎಷ್ಟು ಜಟಿಲವಾಗಿವೆ ಎಂಬುದನ್ನು ಅಂಕಿಯಲ್ಲಿ ಹೇಳುವ ‘ಸಿಂಟ್ಯಾಕ್ಸ್ ಸ್ಕೋರ್’ ಎಷ್ಟು, ಹೃದಯದ ಪಂಪಿಂಗ್ ಎಷ್ಟಿದೆ ಎಂದು ವಿಚಾರಿಸಿ.

ಅಲ್ಲಿಯವರೆಗೆ ಬರೆದುಕೊಟ್ಟಿರುವ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ಸುಮ್ಮನೆ ಕುಳಿತಾಗಲೂ ಎದೆನೋವು ಬಂದರೆ, ಯಾವ ಚಿಕಿತ್ಸೆಯೆಂದು ತೀರ್ಮಾನವಾಗಿರದಿದ್ದರೂ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.